ಸಂತಿಯಿಲ್ಲದ ರಾತ್ರಿ

ಬ್ಯಾಡಗಿಯೊಳಗ ಸೋಮವಾರ ಪ್ಯಾಟಿ, ಗುರುವಾರ ಪ್ಯಾಟಿ.
ನಡುವಿನ ರಾತ್ರಿಗಳಾಗ ನಾವು ಯಂತ್ರ ಬಿಚ್ಚತಿದ್ವಿ,
ನೀರಿಳಿದಾಗ ಬಾವಿಗಿಳಿದು
ಹೂಳ ತಗದಂಗ.

ಎಂಟು ವರ್ಷ ಅದು ಕುಂತಿದ್ದು
ಬಳಿಗಾರ ಅವರ ದಲಾಲಿ ಅಂಗಡಿ ಅಟ್ಟದ ಮ್ಯಾಲೆ.
ಕೆಳಗ ತಕ್ಕಡಿ, ಬಾಜೂಕ ಹಳೇ ಖಾತೆ ವಹಿಗಳ ಗಂಟು.
ಕರೇ ಪೆಟಗಿ. ಫ್ಯಾನಿನ ರೆಕ್ಕಿಗೆ ಮೆಣಸಿನಕಾಯಿ ಧೂಳು.
ಅಮಾಸಿಗೊಮ್ಮೆ ಬಿಚ್ಚಿ ಬ್ರಶ್ಶಿಲೆ ಒರಸಾಕಿ ನಾನ.
ಬಿಚ್ಚಿದ ಕೂಡ್ಲೆ ಮೂರು ಸೀನು.
ನಾಕನೇದು ಬಂತಂದ್ರ ಮಾಲತೇಶ ನಗತಿದ್ದ:
‘ಸರ್ವರಿನ ನೆಗಡಿ ನಿನಗ ಹತ್ತೇತಿ.’

ಈಗ ಗುಂಟೂರು ಬರತೈತಿ, ವರಂಗಲ್ ಬರತೈತಿ,
ಖಮ್ಮಂದವರು ಮೂರು ಸಲ ಫೋನ್ ಮಾಡ್ಯಾರ.
ಒಂದು ಪೆಟಗಿಲೆ ಆಗೂದಿಲ್ಲ.
ಚೀಟಿಯೆಲ್ಲಾ ಮುಂಬೈಗೆ, ಅದರ ನಕಲು ಹೈದರಾಬಾದಿಗೆ,
ಬಾಡಿಗಿ ತಾಸಿನ ಲೆಕ್ಕ.
ಸಾಹುಕಾರು ಮೊದಲನೇ ಬಿಲ್ ನೋಡಿ ಚಾಳೀಸ ತಗದು ಕೇಳಿದ್ರು:
‘ಡಾಲರ್‌ ಯಾಕ ತಂಗಿ?
ನಮ್ಮ ಬಾಳೇ ಎಲ್ಲಾ ಕ್ವಿಂಟಲಿನ್ಯಾಗ ಐತಿ.’

ಯಂತ್ರ ಬದಲಿ ಮಾಡೂದು ಸಲೀಸು.
ಕಾಡಿದ್ದು ಒಂದು ಕಾಲಮ್ಮು.
ಮೊದಲನೇ ವರ್ಷ, ಅವಸರದಾಗ, ನಾನ ಬರದಿದ್ದೆ:
ತಳಿ ಅಂದ್ರ ಡಬ್ಬಿ, ಇಲ್ಲಾ ಕಡ್ಡಿ.
ಭೂಮಿ ಮ್ಯಾಲೆ ಮತ್ತೊಂದು ಮೆಣಸಿನಕಾಯಿ ಕೆಂಪಾಗತಿರಬಹುದು
ಅಂತ ಅವತ್ತು ಹೊಳೀಲಿಲ್ಲ.
ಗುಂಟೂರಿನ ಹುಡುಗಿ ಲಾವಣ್ಯ ಫೋನಿನ್ಯಾಗ
ಹರಕು ಹಿಂದಿಯೊಳಗ, ಸಮಾಧಾನದಲೆ ಕೇಳಿದಳು:
‘ನಮ್ಮ ತೇಜಾ ಎಲ್ಲಿ ಬರೀಲಿ ಅಕ್ಕಾ?’
ಇಬ್ಬರs ಉಣ್ಣೂ ಮನಿಗೆ ಮೂರನೇದವರು ಬಂದಂಗ
ನಲವತ್ತೊಂದು ಕಡೆ ತಾಟು ಸರಿಸಬೇಕಾತು.

ಶನಿವಾರ ರಾತ್ರಿ ಹತ್ತೂವರಿ. ಬಾಗಲಾ ಹಾಕಿದ್ವಿ.
ಎಂಟು ವರ್ಷದ ತೂಕ ಎದ್ದು ಹೊಂಟಿತು,
ಹಮಾಲಿ ಇಲ್ಲ, ಲಾರಿ ಇಲ್ಲ, ಹಗ್ಗ ಬಿಗದ ಸಪ್ಪಳಿಲ್ಲ.
ಪರದಿ ಮ್ಯಾಲೆ ಒಂದು ಹಸರ ಗೆರಿ, ಇರಿವಿ ನಡದಂಗ.
ಅರವತ್ತೆರಡಕ್ಕ ಕರೆಂಟು ಹೋತು.
ಇನ್ವರ್ಟರ್ ಕುಂಯ್ ಅಂತು.
ರೇಷ್ಮಾನ ಕೈಯಾನ ಮಿರ್ಚಿ ಭಜಿ
ಬಾಯಿಗೂ ಹೋಗಲಿಲ್ಲ, ಕಾಗದಕ್ಕೂ ಇಳೀಲಿಲ್ಲ.
ಅರವತ್ತೆರಡು.
ಅರವತ್ತೆರಡು.
ಆಮ್ಯಾಲೆ ಅರವತ್ಮೂರು.

ನಸುಕಿನ ನಾಕಕ್ಕ ಲೆಕ್ಕ ತಾಳೆ ಹಾಕಿದ್ವಿ.
ಆ ಕಡೆ ಒಂದು ಚೀಟಿ ಹೆಚ್ಚಿಗಿ.
ಹುಡುಕಿ ಹುಡುಕಿ ಕಣ್ಣು ಉರದಿಂದ ಸಿಕ್ಕಿತು:
ಪರೀಕ್ಷಾಕ್ಕಂತ ಮಾಲತೇಶ ತನ್ನನ್ನs ತೂಗಿ ಹಾಕಿದ್ದ,
ಅರವತ್ತೆಂಟು ಕಿಲೋ, ತಳಿ ತೇಜಾ.
ನಗಾಕ ಶಕ್ತಿ ಇರಲಿಲ್ಲ, ಆದರೂ ನಕ್ವಿ.

ಹೊಸಾ ಕ್ಯಾಲೆಂಡರಿಗೆ ಬಣ್ಣ ಹಾಕಾಕ ಕುಂತೆ.
ನಮ್ಮೂರಿಗೆ ಕೆಂಪು. ಅವರಿಗೆ ಹಳದಿ, ಅವರ ವಾರ ಬ್ಯಾರೆ.
ಖಮ್ಮಂಕ ನೀಲಿ. ಐತವಾರ ಲೆಕ್ಕ ಕೇಳವರದು.
ಖಾಲಿ ಚೌಕ ಒಂದೂ ಉಳೀಲಿಲ್ಲ.
ಯಾವಾಗಲೂ ಯಾರರೆ ಎಚ್ಚರ ಇರತಾರ ಇನ್ನ,
ಯಾವಾಗಲೂ ಎಲ್ಲೋ ತಕ್ಕಡಿ ತೂಗತಿರತೈತಿ.
ಬಾವಿಗಿಳಿಯೂ ರಾತ್ರಿ ಇದs ಕಡೇದು
ಅನ್ನೂದು ಮೇಲಕ್ಕ ಹತ್ತಿ ಬಂದಮ್ಯಾಲೆ ತಿಳೀತು.

ಹಳೇ ಪೆಟಗಿ ಆರಿಸಿದೆ.
ಫ್ಯಾನು ಸ್ವಲ್ಪ ಹೊತ್ತು ತಾನs ತಿರಗಿತು,
ಹೇಳಿದ್ದು ಕೇಳಿಸಿಲ್ಲೇನೋ ಅನ್ನಂಗ.

ಸೋಮವಾರ ತೂಕದ ಚಮನಸಾಬ ಮೊದಲನೇ ಚೀಟಿ ಹಿಡಕೊಂಡು ಕೇಳಿದ:
‘ಇದು ಈಗ ಎಲ್ಲಿರತೈತಿ?’
ಮುಂಬೈ ಅಂದೆ.
‘ಮಳಿ ಬಂದು ಅದು ಮುಳುಗಿದ್ರ?’
ಹೈದರಾಬಾದ್ ಅಂದೆ.
‘ಅಲ್ಲೂ ಏನರೆ ಆದ್ರ?’
ನಾ ಮಾತಾಡಲಿಲ್ಲ.
ಅಂವ ಚೀಟಿ ನಾಕು ಮಡಿಕಿ ಮಾಡಿ
ಅಂಗಿಯೊಳಗಿನ ಕಿಸೆಕ್ಕ ಇಟಗೊಂಡ.
‘ಇರಲಿ’ ಅಂದ. ‘ಒಂದು ಇಲ್ಲೂ ಇರಲಿ.’